ಟರ್ಪಂಟೈನ್ ಡಬ್ಬಿಗೆ ಬಿದ್ದ ಮಾತ್ರೆಗಳು

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ನಾನು ಆರು ವಾರ ನುಂಗಲಿಲ್ಲ.

ಬಾಯಿಗೇನೋ ಹಾಕಿಕೊಳ್ಳುತ್ತಿದ್ದೆ. ಅಮ್ಮನ ಎದುರೇ ನೀರು ಕುಡಿಯುತ್ತಿದ್ದೆ. ಗುಳಕ್ ಅಂತ ಗಂಟಲಿನಿಂದ ಸದ್ದೂ ಹೊರಡಿಸುತ್ತಿದ್ದೆ. ಮಾತ್ರೆ ಮಾತ್ರ ಕೆನ್ನೆಯೊಳಗೆ ಕೂತಿರುತ್ತಿತ್ತು. ಮನೆಯಿಂದ ನನ್ನ ಅಂಗಡಿಗೆ ಹತ್ತು ನಿಮಿಷದ ದಾರಿ. ಅಷ್ಟೂ ದೂರ, ಎದುರು ಸಿಕ್ಕವರಿಗೆಲ್ಲ ಬಾಯಿ ತೆರೆಯದೆ ಹೂಂ, ಹೂಂ ಎನ್ನುತ್ತ ನಡೆಯುತ್ತಿದ್ದೆ. ಮಂಜನಿಗೆ ಹಲ್ಲುನೋವು ಅಂತ ಶಿರಸಿಯಲ್ಲಿ ಅರ್ಧ ಪೇಟೆಗೆ ಸುದ್ದಿಯಾಗಿತ್ತು. ಒಬ್ಬರು ಲವಂಗ ಕೊಟ್ಟರು. ಅದನ್ನೂ ಇನ್ನೊಂದು ಕೆನ್ನೆಯಲ್ಲಿ ಇಟ್ಟುಕೊಂಡೆ.

ಅಂಗಡಿಯಲ್ಲಿ ಬ್ರಷ್ ತೊಳೆಯುವ ಟರ್ಪಂಟೈನ್ ಡಬ್ಬಿಯಿತ್ತು. ಮಾತ್ರೆಯನ್ನು ಅದಕ್ಕೆ ಉಗುಳುತ್ತಿದ್ದೆ. ಆ ಡಬ್ಬಿಯದ್ದನ್ನೇ ಬೆರೆಸಿ ಬರೆದ ಬೋರ್ಡುಗಳು ಪೇಟೆಯಲ್ಲಿ ನಾಲ್ಕೈದು ಇವೆ. ಬಹಳ ಸಮಾಧಾನದ ಬೋರ್ಡುಗಳು. ಒಂದಕ್ಕೂ ಇವತ್ತಿನವರೆಗೆ ತಲೆ ಕೆಟ್ಟಿಲ್ಲ.

ಕೆಟ್ಟಿದ್ದು ನನ್ನದು.

ನಾನು ಬೋರ್ಡು ಬರೆಯುವವನು. ಅಂಗಡಿಯ ಹೆಸರು, ಲಾರಿಯ ಹಿಂದಿನ ನವಿಲು, ಶಾಲೆಯ ಗೋಡೆಯ ಮೇಲೆ ಭಾರತದ ನಕ್ಷೆ. ದೊಡ್ಡ ಊರುಗಳಲ್ಲಿ ಈಗ ಕಂಪ್ಯೂಟರಿನಿಂದಲೇ ಬೋರ್ಡು ಪ್ರಿಂಟಾಗಿ ಬರುತ್ತದಂತೆ. ನಮ್ಮಲ್ಲಿಗೆ ಅದು ಇನ್ನೂ ಬಂದಿಲ್ಲ. ಬಂದರೆ ನನಗಿಂತ ಅದೇ ವಾಸಿ. ಅದರ ಕೈ ನಡುಗುವುದಿಲ್ಲ.

ಕಾಯಿಲೆ ಮೊದಲ ಸಲ ಬಂದದ್ದು ಹೋದ ವರ್ಷದ ಬೇಸಿಗೆಯಲ್ಲಿ. ಅದು ಕಾಯಿಲೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಅದು ಬಂದದ್ದೇ ಒಳ್ಳೆಯ ಕೆಲಸಗಾರನ ವೇಷದಲ್ಲಿ. ನನಗೆ ನಿದ್ದೆ ಬೇಡವಾಯಿತು. ಊಟ ಬೇಡವಾಯಿತು. ಬಣ್ಣಗಳು ನನ್ನ ಹತ್ತಿರ ಮಾತಾಡಲು ಬಂದವು, ಅದರಲ್ಲೂ ಹಳದಿ ಬಹಳ ವಾಚಾಳಿ. ಒಂದು ಕ್ಷೌರದಂಗಡಿಗೆ ಬೋರ್ಡು ಬರೆಯುವ ಕೆಲಸ ಬಂದಿತ್ತು. ಹೆಸರು, ಪಕ್ಕದಲ್ಲೊಂದು ಕತ್ತರಿ, ಅಷ್ಟೇ. ನಾನು ನಲವತ್ತೊಂದು ಕತ್ತರಿ ಬರೆದೆ. ಸಂಜೆಯ ಆಕಾಶದಲ್ಲಿ ಬೆಳ್ಳಕ್ಕಿಗಳ ಹಾಗೆ ಸಾಲುಗಟ್ಟಿ ಹಾರುವ ಕತ್ತರಿಗಳು.

ಅಂಗಡಿಯವ ತುಂಬ ಹೊತ್ತು ನೋಡಿದ. "ಎಂತದಾ ಮಾರಾಯಾ ಇದು? ಗಿರಾಕಿಗಳು ಕಿವಿ ಮುಚ್ಕಂಡು ಓಡಿ ಹೋಗ್ತಾರಲಾ."

"ನಿಂಗೆ ಕಲೆ ಗೊತ್ತಿಲ್ಲ," ಅಂದೆ. ಹಾಗೆ ಅಂದದ್ದು ಹಾಳಾಗಲಿ, ಅವನ ಮೂರು ಕುರ್ಚಿಗಳಿಗೂ ಬಣ್ಣ ಹೊಡೆದೆ. ಒಂದರ ಮೇಲೆ ಗಿರಾಕಿ ಕೂತೇ ಇದ್ದ.

ನಾಲ್ಕನೆಯ ದಿನ ಅಮ್ಮ ನನ್ನನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿದಳು. ದಾರಿಯುದ್ದಕ್ಕೂ ನಾನು ಕಂಡಕ್ಟರನಿಗೆ ಬಸ್ಸಿನ ಬಣ್ಣ ಯಾಕೆ ತಪ್ಪು ಅಂತ ವಿವರಿಸಿದೆನಂತೆ. ನನಗೆ ನೆನಪಿಲ್ಲ. ಅಮ್ಮನಿಗೆ ನೆನಪಿದೆ. ಅವಳು ಅದನ್ನು ಒಮ್ಮೆಯೂ ನಗುತ್ತ ಹೇಳಿದ್ದಿಲ್ಲ.

ಡಾಕ್ಟರು ಬೈಪೋಲಾರ್ ಅಂದರು, ಮನಸ್ಸು ಒಮ್ಮೆ ಮೇಲೆ ಹಾರಿ ಒಮ್ಮೆ ಕೆಳಗೆ ಬೀಳುವ ಕಾಯಿಲೆ. ಅಮ್ಮ ಸೆರಗು ಹಿಡಿದುಕೊಂಡು ಕೇಳಿದಳು. "ವಾಸಿ ಆಗ್ತದಾ ಡಾಕ್ಟ್ರೇ?"

"ಹತೋಟಿಯಲ್ಲಿ ಇರ್ತದೆ. ಶುಗರ್ ಇದ್ದವರು ದಿನಾ ಮಾತ್ರೆ ತಗೊಳ್ಳೋದಿಲ್ವಾ, ಹಾಗೇ ಇದೂ."

ಮಾತ್ರೆಯ ಹೆಸರು ಲಿಥಿಯಂ. ಆಗಾಗ ಬ್ಲಡ್ ಟೆಸ್ಟ್. ನೀರು ಜಾಸ್ತಿ ಕುಡಿಯಬೇಕು, ನಿದ್ದೆ ಕೆಡಿಸಬಾರದು. ನಾನು ಎಲ್ಲಕ್ಕೂ ತಲೆಯಾಡಿಸಿದೆ. ಒಂದೆರಡು ತಿಂಗಳಲ್ಲಿ ತಲೆ ನೆಟ್ಟಗಾಯಿತು.

ಕೈ ನಡುಗಲು ಶುರುವಾಯಿತು.

ಹೆಚ್ಚೇನಲ್ಲ. ಚಹಾದ ಲೋಟ ಹಿಡಿದರೆ ಚಹಾದಲ್ಲಿ ಸಣ್ಣ ಅಲೆ, ಅಷ್ಟೇ. ಬೇರೆ ಯಾರಿಗಾದರೂ ಅದೊಂದು ವಿಷಯವೇ ಅಲ್ಲ. ಆದರೆ ನಮ್ಮ ಕೆಲಸ ನಿಂತಿರುವುದೇ ಉಸಿರು ಹಿಡಿದು ಒಂದೇ ಎಳೆತಕ್ಕೆ ಎಳೆಯುವ ಗೆರೆಯ ಮೇಲೆ. ಎಡಗೈಯಲ್ಲಿ ಕೋಲು ಹಿಡಿದು, ಅದರ ಮೇಲೆ ಬಲಗೈ ಊರಿ ಬರೆಯುತ್ತೇವೆ. ನನಗೆ ಕೋಲೂ ನಡುಗುತ್ತಿತ್ತು, ಕೈಯೂ ನಡುಗುತ್ತಿತ್ತು, ಎರಡೂ ಬೇರೆ ಬೇರೆ ತಾಳದಲ್ಲಿ. ಬೇಕರಿಯ ಫೋನ್ ನಂಬರಿನ ಸೊನ್ನೆಗಳು ಜಿಲೇಬಿಗಳಾದವು. ಬೇಕರಿಯವ ಅದನ್ನು ಬೇಕೆಂದೇ ಬರೆದದ್ದು ಅಂದುಕೊಂಡು ಖುಷಿಪಟ್ಟ. ಪುಸ್ತಕದ ಅಂಗಡಿಯವರು ಖುಷಿಪಡಲಿಲ್ಲ.

ಕೆಲಸ ಕಡಿಮೆಯಾದದ್ದು ಒಂದು ಕಡೆ. ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಕಾಯಿಲೆಗೆ ಮೊದಲು ನಾನು ಜೋಕು ಹೇಳಿದರೆ ಜನ ನಗುತ್ತಿದ್ದರು. ಈಗ ನಗುವ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಇದು ಜೋಕೋ, ಶುರುವಾಯಿತೋ ಅಂತ. ಚಹಾದಂಗಡಿಯ ಬೆಂಚಿನಲ್ಲಿ ನಾನು ಬಂದು ಕೂತರೆ ಪಕ್ಕದವರು ಎದ್ದು ಹೋಗುತ್ತಿರಲಿಲ್ಲ, ಅಷ್ಟು ಕೆಟ್ಟವರಲ್ಲ ನಮ್ಮವರು. ಸ್ವಲ್ಪ ಮೆತ್ತಗೆ ಮಾತಾಡುತ್ತಿದ್ದರು. ಆಸ್ಪತ್ರೆಯಲ್ಲಿ ಮಾತಾಡಿದ ಹಾಗೆ. ಬೈದಿದ್ದರೆ ಬೇಕಿತ್ತು. ಮನೆಯಲ್ಲಿ ನಾನು ಸಿಳ್ಳೆ ಹೊಡೆದರೆ ಅಮ್ಮ ಒಳಗೆ ಹೋಗಿ ಮಾತ್ರೆ ಎಣಿಸಿ ಬರುತ್ತಿದ್ದಳು.

ನಗಿಸಿ ನಗಿಸಿಯೇ ಊರಲ್ಲಿ ಜಾಗ ಮಾಡಿಕೊಂಡವನು ನಾನು. ನಗು ಹೋದ ಮೇಲೆ ಎಷ್ಟು ಜನರ ನಡುವೆ ಕೂತರೂ ನಾನು ಒಬ್ಬನೇ.

ಆ ಖಾಲಿಯಲ್ಲಿ ಕೂತು ನಾನೊಂದು ಸಿದ್ಧಾಂತ ಕಟ್ಟಿದೆ. ಗೆರೆ ಇದ್ದದ್ದು ಕಾಯಿಲೆಯಲ್ಲಿ. ಮಾತ್ರೆ ಕಾಯಿಲೆಯನ್ನು ಕೊಂದಿತು, ಜೊತೆಗೆ ಗೆರೆಯನ್ನೂ. ನಲವತ್ತೊಂದು ಕತ್ತರಿಗಳನ್ನು ನೆನೆಸಿಕೊಂಡರೆ ಹೊಟ್ಟೆಕಿಚ್ಚಾಗುತ್ತಿತ್ತು, ಬೇರೆ ಯಾರೋ ಬರೆದದ್ದರ ಮೇಲೆ ಆಗುವ ಹಾಗೆ. ಆ ಮನುಷ್ಯ ಮತ್ತೆ ಬೇಕು ಅನ್ನಿಸುತ್ತಿತ್ತು. ಇದನ್ನು ಡಾಕ್ಟರ ಹತ್ತಿರ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಪ್ರತಿ ಸಲ ಹುಬ್ಬಳ್ಳಿಗೆ ಹೋದಾಗಲೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಡಾಕ್ಟರನ್ನು ನಗಿಸಿ ಬಂದೆ. ಅವರೊಬ್ಬರು ಮುಖ ನೋಡದೆ ನಗುತ್ತಿದ್ದರು, ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ.

ಅಷ್ಟರಲ್ಲಿ ಮತ್ತಿಘಟ್ಟದ ಕಡೆಯಿಂದ ಒಂದು ಮದುವೆ ಮನೆಯ ಕೆಲಸ ಬಂತು. ಹಸೆಗೋಡೆ ಬರೆಯುವುದು. ಮದುವೆಗೆ ಮೊದಲು ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಬಿಳಿಯಲ್ಲಿ ಬಳ್ಳಿ, ನವಿಲು, ಮಂಟಪ, ಮದುಮಕ್ಕಳ ಹೆಸರು ಬರೆಯುತ್ತಾರೆ. ಮೊದಲೆಲ್ಲ ಮನೆಯ ಹೆಂಗಸರೇ ಬರೆಯುತ್ತಿದ್ದರು. ಈಗ ನನ್ನಂಥವರನ್ನು ಕರೆಸುತ್ತಾರೆ. ಈ ಕೈಯಲ್ಲಿ ಹಸೆ ಬರೆದರೆ ಮದುಮಗಳ ಹೆಸರೇ ಗಡಗಡ ನಡುಗುತ್ತದೆ. ಆ ದಿನದಿಂದ ಮಾತ್ರೆ ಡಬ್ಬಿಗೆ ಬೀಳತೊಡಗಿತು.

ಎರಡು ವಾರಕ್ಕೆ ಕೈಯ ನಡುಕ ನಿಂತಿತು. ನಾಲ್ಕು ವಾರಕ್ಕೆ ಹಳದಿ ಮಾತಾಡಿತು. ಆರನೆಯ ವಾರ ಬಣ್ಣದ ಡಬ್ಬಿ ಹೊತ್ತು ಆ ಮನೆಯ ಮೆಟ್ಟಿಲು ಹತ್ತುವಾಗ ನಾನು ರಾಜ.

ಮದುಮಗಳ ಅಜ್ಜಿಯನ್ನು ಊರಿಗೆ ಊರೇ ಅಮ್ಮಮ್ಮ ಅನ್ನುತ್ತದೆ. ಎಂಬತ್ತು ದಾಟಿದ ಸಣ್ಣ ಜೀವ. ಬಂದವನನ್ನು ಮೇಲಿಂದ ಕೆಳಗೆ ನೋಡಿ, "ನಿಂಗೆ ಹಲ್ಲುನೋವಡ, ಹೌದನಾ?" ಅಂದರು. ಸುದ್ದಿ ಅಲ್ಲಿಗೂ ತಲುಪಿತ್ತು. ಆಮೇಲೆ ಕೆಲಸದ ಮಾತು. "ಜಗಲಿ ಗ್ವಾಡೆ ನಿಂದು. ಎಂತ ಬೇಕಾರೂ ಬರಿ. ನಡುಮನೆ ಗ್ವಾಡೆ ಮುಟ್ಟಡ, ಗೊತ್ತಾತಾ? ಅದು ಯನ್ನ ಮಗನ ಮದುವೇಲಿ ಆನು ಬರದ್ದು."

ಮುಟ್ಟಬಾರದು ಅಂದ ನಡುಮನೆಯ ಗೋಡೆಯ ಮೇಲೆ ಅವರೇ ಬರೆದ ಹಸೆ ಇತ್ತು. ಮಾಸಿದ ಬಿಳಿ ಗೆರೆಗಳು. ಒಂದು ಪಲ್ಲಕ್ಕಿ, ಅದನ್ನು ಹೊರುವ ಕಡ್ಡಿಯಂಥ ನಾಲ್ಕು ಜನ, ಎರಡು ಗಿಳಿ. ಮನೆಗೆ ಪ್ರತಿ ಸಲ ಸುಣ್ಣ ಬಣ್ಣ ಮಾಡಿಸಿದಾಗಲೂ ಅದೊಂದನ್ನು ಬಿಟ್ಟೇ ಮಾಡಿಸಿದ್ದರು.

ಜಗಲಿ ಒಂದೇ ದಿನದಲ್ಲಿ ಮುಗಿಯಿತು. ಮನೆಯವರೆಲ್ಲ ಹೊಗಳಿದರು. ನನಗೆ ಸಾಲಲಿಲ್ಲ. ಮರುದಿನ ತುಳಸಿಕಟ್ಟೆಗೆ ಬಳ್ಳಿ ಹಬ್ಬಿಸಿದೆ, ಕೊಟ್ಟಿಗೆಯ ಕಂಬಕ್ಕೆ ಹಾವು ಸುತ್ತಿಸಿದೆ, ದನ ಬೆದರಿ ಕಣ್ಣಿ ಕಿತ್ತುಕೊಂಡಿತು. ಮನೆಯವರು ಮದುವೆಯ ಗಡಿಬಿಡಿಯಲ್ಲಿ ನಗುತ್ತಲೇ ಇದ್ದರು. ಮೂರನೆಯ ದಿನ ಬೆಳಿಗ್ಗೆ, ಎಲ್ಲರೂ ಚಪ್ಪರದ ಕೆಲಸದಲ್ಲಿದ್ದಾಗ, ನಾನು ನಡುಮನೆಗೆ ಹೋದೆ. ಆ ಕಡ್ಡಿಯಂಥ ನಾಲ್ಕು ಜನರನ್ನು ನೋಡಿ ಪಾಪ ಅನ್ನಿಸಿತು. ಎಷ್ಟು ವರ್ಷದಿಂದ ಹೊರುತ್ತಿದ್ದಾರೆ, ಇಳಿಸಿ ಬಿಡೋಣ ಅಂತ.

ಕೆಮ್ಮಣ್ಣಿನ ಬಕೆಟ್ ಇತ್ತು. ಬಳಿದೆ.

ಆಮೇಲೆ ಅಲ್ಲಿ ಆನೆ ಬರೆದೆ. ನೆಲದಿಂದ ಅಟ್ಟದವರೆಗೆ. ಗೋಡೆ ಸಾಲದೆ ಅಡುಗೆಮನೆಯ ಬಾಗಿಲ ಮೇಲೂ ಬರೆದೆ. ಬಾಗಿಲು ತೆರೆದರೆ ಆನೆಯ ಹೊಟ್ಟೆ ತೆರೆಯುತ್ತಿತ್ತು, ಒಳಗಿನಿಂದ ಯಾರೋ ಚಕ್ಕುಲಿ ತಟ್ಟೆ ಹಿಡಿದು ಹೊರಗೆ ಬರುತ್ತಿದ್ದರು. ನಾನು ಬಿದ್ದು ಬಿದ್ದು ನಕ್ಕೆ. ಬೆನ್ನಿಗೆ ಹೊದಿಸಿದ ಜೂಲಿಗೆ ಬಳ್ಳಿ, ಹಣೆಗೆ ಪಟ್ಟಿ, ಕಾಲಿನ ಉಗುರು ಕೂಡ ಎಣಿಸಿ ಬರೆದೆ. ಕೈ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಬದುಕಿನಲ್ಲಿ ಅಷ್ಟು ಚೆನ್ನಾಗಿ ನಾನು ಎಂದೂ ಬರೆದಿರಲಿಲ್ಲ.

ಅಮ್ಮಮ್ಮ ಸ್ನಾನ ಮುಗಿಸಿ ಬಂದರು. ನಿಂತರು. ಗೋಡೆಯ ಹತ್ತಿರ ಹೋಗಿ, ಪಲ್ಲಕ್ಕಿ ಇದ್ದ ಜಾಗದಲ್ಲಿ ಅಂಗೈ ಇಟ್ಟರು. ತೆಗೆದಾಗ ಅಂಗೈ ಕೆಂಪಗೆ ಒದ್ದೆಯಾಗಿತ್ತು.

ಅದನ್ನು ಸೆರಗಿಗೆ ಒರೆಸಿಕೊಂಡರು.

ನಾನು ಹೇಳಿದೆ. ಬಹಳ ಹೇಳಿದೆ. ಅವರ ಪಲ್ಲಕ್ಕಿ ಯಾಕೆ ಸರಿಯಿರಲಿಲ್ಲ ಅಂತ ಬೆರಳು ಮಡಚಿ ಮಡಚಿ ಹೇಳಿದೆ. ಅವರ ಮಗ ಹೆಗಡೆಯವರು ಓಡಿ ಬಂದರು, ನನ್ನ ರಟ್ಟೆ ಹಿಡಿದರು. "ಮಂಜಾ, ಸಾಕು. ಬಾ, ಜೀಪು ಹತ್ತು." ಅವರು ಕೂಗಲಿಲ್ಲ. ಮೆತ್ತಗೆ ಮಾತಾಡಿದರು. ಆಗ ನನಗೆ ಗೊತ್ತಾಯಿತು, ಮತ್ತೆ ಶುರುವಾಗಿದೆ ಅಂತ.

ಹುಬ್ಬಳ್ಳಿಯಲ್ಲಿ ಮೂರು ವಾರ ವಾರ್ಡು. ಮೇಲೆ ಹೋದದ್ದು ಕೆಳಗೆ ಬಂತು, ಬರುವಾಗ ನನ್ನ ಮೇಲೆಯೇ ಬಿತ್ತು. ಗೋಡೆಯ ಕಡೆ ತಿರುಗಿ ಮಲಗಿದರೆ ಸಂಜೆಯವರೆಗೂ ತಿರುಗುತ್ತಿರಲಿಲ್ಲ. ಬಿಳಿ ಗೋಡೆ. ನನ್ನ ಜೀವಮಾನದಲ್ಲಿ ಮೊದಲ ಸಲ ಖಾಲಿ ಗೋಡೆ ನೋಡಿ ಏನಾದರೂ ಬರೆಯಬೇಕು ಅನ್ನಿಸಲಿಲ್ಲ. ಅಮ್ಮ ಸ್ಟೂಲಿನ ಮೇಲೆ ಕೂತು ಮೂಸಂಬಿ ಸುಲಿಯುತ್ತಿದ್ದಳು. ಬಿಡಿಸಿದ ತೊಳೆಗಳು ಒಣಗುತ್ತಿದ್ದವು. ಡಬ್ಬಿಯ ವಿಷಯ ಅವಳಿಗೆ ಅಷ್ಟರಲ್ಲೇ ಗೊತ್ತಾಗಿತ್ತು. ಅಂಗಡಿಯನ್ನು ಗುಡಿಸಲು ಹೋದವಳು ಅದರ ತಳದಲ್ಲಿ ಮಾತ್ರೆಗಳ ಹಿಟ್ಟು ನೋಡಿದ್ದಳು.

"ನಂಗೆ ಗುಳಕ್ ಅಂತ ಕೇಳ್ತಿತ್ತಲಾ ಮಗಾ," ಅಂದಳು. ಅಷ್ಟೇ ಅಂದಳು. ಬೈಗುಳ ಅಂದರೆ ಅದು.

ಡಾಕ್ಟರು ಒಂದು ದಿನ ಮಂಚದ ತುದಿಯಲ್ಲಿ ಕೂತು ಕೇಳಿದರು. "ಯಾಕೆ ಬಿಟ್ರಿ?"

ನಾನು ಹೊದಿಕೆಯಿಂದ ಕೈ ತೆಗೆದು ಚಾಚಿದೆ. ಅವರು ತಮ್ಮ ಕಾಗದವೊಂದನ್ನು ನನ್ನ ಬೆರಳುಗಳ ಮೇಲೆ ಇಟ್ಟರು. ಕಾಗದ ಪಟಪಟ ಅಂದಿತು.

"ಇಷ್ಟು ದಿನ ಯಾಕೆ ತೋರಿಸಲಿಲ್ಲ?"

"ನಗಿಸ್ತಾ ಇದ್ದೆ ಸರ್."

"ನಾನು ನಗ್ತಾ ಕೂತೆ. ನನ್ನದೂ ತಪ್ಪು." ಅವರು ನಗಲಿಲ್ಲ. ಡೋಸ್ ಕಡಿಮೆ ಮಾಡಬಹುದು, ನಡುಕಕ್ಕೇ ಬೇರೆ ಮಾತ್ರೆಯಿದೆ, ಪೂರ್ತಿ ಹೋಗದಿದ್ದರೂ ತಗ್ಗುತ್ತದೆ ಅಂದರು. ಕೇಳಿದ್ದರೆ ಒಂದು ವರ್ಷ ಮೊದಲೇ ಹೇಳುತ್ತಿದ್ದ ಮಾತು. ಇಷ್ಟು ಸಣ್ಣ ಮಾತಿಗಾಗಿ ನಾನು ಒಂದು ಪಲ್ಲಕ್ಕಿಯನ್ನು ಮಣ್ಣು ಮಾಡಿ ಬಂದಿದ್ದೆ.

ಮನೆಗೆ ಬಂದು ನಾಲ್ಕು ತಿಂಗಳಾಯಿತು. ದಿನಾ ಬೆಳಿಗ್ಗೆ ಮಾತ್ರೆ ನುಂಗಿ ಅಮ್ಮನಿಗೆ ಬಾಯಿ ತೆರೆದು ತೋರಿಸುತ್ತೇನೆ. ನಾಲಿಗೆ ಎತ್ತುತ್ತೇನೆ, ಎರಡೂ ಕೆನ್ನೆ ಎಳೆದು ತೋರಿಸುತ್ತೇನೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ಅವಳು ನೋಡುತ್ತಾಳೆ. ನಡುಕ ತಗ್ಗಿದೆ, ಹೋಗಿಲ್ಲ. ಅಂಗಡಿ ತೆರೆಯುತ್ತಿದ್ದೆ, ಬ್ರಷ್ ಮುಟ್ಟುತ್ತಿರಲಿಲ್ಲ. ಡಬ್ಬಿಯಲ್ಲೇ ಒಣಗಿ ಅವು ಕಡ್ಡಿಯಾಗಿದ್ದವು. ಹಳದಿಯೂ ಸುಮ್ಮನಿತ್ತು. ಆ ಸುಮ್ಮನಿರುವಿಕೆ ಒಳ್ಳೆಯದು ಅಂತ ಗೊತ್ತಿದ್ದರೂ, ಜೊತೆಗಾರ ಊರು ಬಿಟ್ಟು ಹೋದ ಹಾಗೆ ಆಗುತ್ತಿತ್ತು.

ಹೋದ ವಾರ ಮತ್ತಿಘಟ್ಟದ ಬಸ್ಸಿನ ಕಂಡಕ್ಟರ್ ಅಂಗಡಿಗೆ ತಲೆ ಹಾಕಿದ. "ಹೆಗಡೇರ ಮನೆ ಅಮ್ಮಮ್ಮ ಹೇಳಿ ಕಳ್ಸಿದಾರೆ. ನೀ ಬರಬೇಕಂತೆ. ಬ್ರಷ್ ತಗಂಡು."

ಬೈಸಿಕೊಳ್ಳಲು ಬ್ರಷ್ ಯಾಕೆ ಅಂತ ತಿಳಿಯಲಿಲ್ಲ. ಹೋದೆ. ಒಂದು ಹೊಸ ಬ್ರಷ್ ಕೊಂಡು ಹೋದೆ.

ಅಮ್ಮಮ್ಮ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದರು. "ಬಾ. ಆಸ್ರಿಗೆ ಎಂತ ಬೇಕು?" ಅಂದರು. ಯಾರೋ ಚಹಾ ತಂದು ಕೊಟ್ಟರು. ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದರೂ ಅದರ ಮೇಲಿನ ಲೋಟ ಕಿಣಿಕಿಣಿ ಅಂದಿತು. ಅವರು ಅದನ್ನು ನೋಡಿದರು, ಬತ್ತಿ ಹೊಸೆಯುತ್ತಲೇ ಇದ್ದರು.

"ಅಮ್ಮಮ್ಮ, ನಿಮ್ಮ ಹಸೆ ನಾನು..."

"ನೀನು ಅಳ್ಸಿದ್ದು ಹೌದು. ಯಂಗೆ ಸಿಟ್ಟು ಬಂದಿದ್ದೂ ಹೌದು. ಮದುವೆ ದಿನ ಯಾರ ಹತ್ರನೂ ಮಾತಾಡಿದ್ನಿಲ್ಲೆ ಆನು." ಮಂಡಿಗೆ ಕೈ ಕೊಟ್ಟು ಎದ್ದರು. "ಬಾ ಇಲ್ಲಿ."

ನಡುಮನೆಯಲ್ಲಿ ಆನೆ ಹಾಗೇ ಇತ್ತು. ಯಾರೂ ಅಳಿಸಿರಲಿಲ್ಲ. ಅದನ್ನು ನೋಡಲು ನನಗೆ ಹೆದರಿಕೆ. ಅಷ್ಟು ಚೆನ್ನಾಗಿ ಬರೆದವನು ಇನ್ನು ಬರುವುದಿಲ್ಲ, ಬರಲೂಬಾರದು. ನಾನು ನೆಲ ನೋಡುತ್ತ ನಿಂತೆ.

"ಮದುವೆಗೆ ಬಂದವ್ವೆಲ್ಲ ಆನೆ ಚೊಲೋ ಇದ್ದು, ಚೊಲೋ ಇದ್ದು ಹೇಳಿ ಉಂಡಿಕ್ಕೆ ಹೋದ. ಒಬ್ಬರ ಕಣ್ಣಿಗೂ ಬಿದ್ದಿದ್ದಿಲ್ಲೆ. ತಮಾ, ತಲೆ ಎತ್ತಿ ನೋಡು. ನಿನ್ನ ಆನೆಗೆ ಬಾಲವೇ ಇಲ್ಲೆ."

ನೋಡಿದೆ. ಉಗುರುಗಳಿದ್ದವು, ಎಲ್ಲವೂ. ಹಣೆಪಟ್ಟಿಯ ಒಂದೊಂದು ಮಣಿಯೂ ಇತ್ತು. ಹಿಂದೆ ಮೊಳ ಜಾಗವೂ ಇತ್ತು. ಬಾಲ ಇರಲಿಲ್ಲ. ರಾಜನಾಗಿದ್ದಾಗ ನಾನು ಮರೆತಿದ್ದೆ.

ಎಷ್ಟೋ ತಿಂಗಳ ಮೇಲೆ ನನಗೆ ನಗು ಬಂತು. ಬಾಯಿ ಮುಚ್ಚಿಕೊಂಡೆ. ಆಮೇಲೆ ನೋಡಿದರೆ ಅಮ್ಮಮ್ಮನೂ ನಗುತ್ತಿದ್ದರು, ಯಾರ ಮುಖವನ್ನೂ ನೋಡದೆ.

"ಕೈ ನಡುಗ್ತದೆ ಅಮ್ಮಮ್ಮ," ಅಂದೆ. "ಗೆರೆ ನೆಟ್ಟಗೆ ಬರೂದಿಲ್ಲ."

ಅವರು ಬಿಳಿ ಬಣ್ಣ ಕಲಸಿಟ್ಟಿದ್ದ ಬಟ್ಟಲನ್ನು ಕಾಲಿನಿಂದ ನನ್ನ ಕಡೆ ದೂಡಿದರು.

"ನೆಟ್ಟಗಿನ ಬಾಲ ಯಾವ ಆನೆಗೆ ಇದ್ದಾ ಮಾರಾಯಾ? ಅಲ್ಲಾಡ್ಲಿ ಬಿಡು. ಬಾಲ ಇಪ್ಪದೇ ಅಲ್ಲಾಡ್ಸಲೆ. ಬರಿ."