ಕಲ್ಲಿನ ಏಳನೆಯ ಹೆಸರು

ನಮ್ಮ ದೊಡ್ಡಪ್ಪ ಸತ್ತದ್ದು ಎರಡು ಸಲ. ಮೊದಲನೆಯ ಸಲ ಸತ್ತದ್ದು ಊರಿನ ಸ್ಮಾರಕ ಸಮಿತಿಯವರ ಅವಸರದಿಂದ.

ಯುದ್ಧಕ್ಕೆ ಹೋದ ಊರಿನವರಲ್ಲಿ ಹನ್ನೊಂದು ಮಂದಿ ತೀರಿಕೊಂಡರೆಂದು ಸುದ್ದಿ ಬಂತು. ಅವರಲ್ಲಿ ಒಬ್ಬನ ತಾಯಿ, ಹಿಟ್ಟಿನ ಗಿರಣಿ ನಡೆಸುತ್ತಿದ್ದ ಗಿರಣಿಯಮ್ಮ, ಮಡಿದವರೆಲ್ಲರ ನೆನಪಿಗೆಂದು ತಮ್ಮ ಹೊಲವನ್ನೇ ಊರಿಗೆ ಬಿಟ್ಟುಕೊಟ್ಟರು. ಷರತ್ತು ಒಂದೇ: ಅಲ್ಲಿ ಮಕ್ಕಳು ಆಡಬೇಕು. ಸಮಿತಿ ತಡಮಾಡದೆ ಅಲ್ಲಿ ಮೈದಾನ ಮಾಡಿ, ಕಲ್ಲು ನೆಟ್ಟು ಹನ್ನೊಂದು ಹೆಸರು ಕೆತ್ತಿಸಿತು. ಮೂರು ತಿಂಗಳಾದ ಮೇಲೆ ಏಳನೆಯ ಹೆಸರಿನವನು ಕುಂಟುತ್ತ ಬಸ್ಸಿನಿಂದ ಇಳಿದ. ಅವನೇ ದೊಡ್ಡಪ್ಪ.

"ಒಂದು ಹೆಸರು ಅಳಿಸಿದ್ರೆ ಉಳಿದ ಹತ್ತು ಜನರಿಗೆ ಅವಮಾನ. ಕಲ್ಲಲ್ಲಿ ಬರೆದದ್ದೇ ನಿಜ," ಎಂದರು ಸಮಿತಿಯ ಅಧ್ಯಕ್ಷರಾಗಿದ್ದ ನಿವೃತ್ತ ಹೆಡ್‌ಮೇಷ್ಟ್ರು. ಬದುಕಿ ಬಂದ ತಪ್ಪಿಗೆ ದೊಡ್ಡಪ್ಪನಿಗೆ ಆ ಮೈದಾನ ನೋಡಿಕೊಳ್ಳುವ ಕೆಲಸ ಕೊಟ್ಟರು. ಊರು ಅವನನ್ನು 'ಏಳನೇ ಅಣ್ಣ' ಎಂದು ಕರೆಯತೊಡಗಿತು.

ವರ್ಷಕ್ಕೊಮ್ಮೆ ನೆನಪಿನ ದಿನ. ಒಂದೊಂದು ಹೆಸರು ಓದಿದಾಗಲೂ ಆ ಮನೆಯವರು ಬಂದು ಕಲ್ಲಿನ ಮುಂದೆ ಹೂವಿಡಬೇಕು. ಏಳನೆಯದಕ್ಕೆ ದೊಡ್ಡಮ್ಮ ಹೋಗುತ್ತಿದ್ದಳು. ಬಿಸಿಲಿದ್ದರೆ ದೊಡ್ಡಪ್ಪ ಅವಳಿಗೆ ಕೊಡೆ ಹಿಡಿಯುತ್ತಿದ್ದ.

"ಒಂದು ಹನಿ ಕಣ್ಣೀರಾದ್ರೂ ಹಾಕಬಾರದಿತ್ತಾ?" ಎಂದು ಅವನು ಛೇಡಿಸುತ್ತಿದ್ದ.

"ಕೆಸರುಗಾಲಲ್ಲಿ ಮನೆಯೊಳಗೆ ಬರ್ತೀರಲ್ಲ, ಆಗ ಹಾಕ್ತೀನಿ ಬಿಡಿ," ಎನ್ನುತ್ತಿದ್ದಳು ದೊಡ್ಡಮ್ಮ.

ಗಿರಣಿಯಮ್ಮ ಕಣ್ಣು ಮುಚ್ಚಿದ್ದೇ ತಡ, ಅಧ್ಯಕ್ಷರ ಭಕ್ತಿ ಗರಿಗೆದರಿತು. ಮೊದಲು 'ಕೂಗಬೇಡಿ' ಎಂಬ ಬೋರ್ಡು ಬಂತು, ಆಮೇಲೆ 'ಓಡಬೇಡಿ', ಕೊನೆಗೆ 'ಹುಲ್ಲು ತುಳಿಯಬೇಡಿ'. ಕೂಗದೆ, ಓಡದೆ, ಹುಲ್ಲು ತುಳಿಯದೆ ಆಡುವ ಆಟ ಯಾವುದೆಂದು ಆ ಪುಣ್ಯಾತ್ಮರೇ ಹೇಳಬೇಕು. ದೊಡ್ಡಪ್ಪ ಮಾತ್ರ ಪ್ರತಿ ಶನಿವಾರ ಹುರಿ ಎಳೆದು ಕಟ್ಟಿ, ತಳಕ್ಕೆ ತೂತು ಹೊಡೆದ ಡಬ್ಬಿಯಿಂದ ಆಟದ ಗೆರೆಗಳಿಗೆ ಸುಣ್ಣ ಉದುರಿಸುತ್ತಿದ್ದ. ನೋಡಲು ಅಚ್ಚುಕಟ್ಟಾಗಿದೆ ಎಂದು ಸಮಿತಿಯೂ ಸುಮ್ಮನಿತ್ತು. ಆಡುವವರಿಲ್ಲದೆ ಒಂದು ಗೆರೆಯೂ ಅಳಿಸಿಹೋಗುತ್ತಿರಲಿಲ್ಲ. ಅದೇ ಅವನ ಕೊರಗು, ಏಕೆಂದರೆ ಕಲ್ಲಿನ ಮೇಲಿನ ಉಳಿದ ಹತ್ತು ಜನರಲ್ಲಿ ಆರು ಮಂದಿ ಅವನ ಜೊತೆ ಚೆಂಡಾಡಿ ಬೆಳೆದವರು.

ಹೀಗೆ ಐದು ವರ್ಷ ಕಳೆಯಿತು. ಆರನೆಯ ವರ್ಷದ ನೆನಪಿನ ದಿನ ಅಧ್ಯಕ್ಷರು, "ಮಡಿದವರಿಗೆ ಶಾಂತಿ ಬೇಕು. ನಾಳೆಯಿಂದ ಗೇಟಿಗೆ ಬೀಗ," ಎಂದು ಸಾರಿ ಹೆಸರು ಓದತೊಡಗಿದರು. ಏಳನೆಯದಕ್ಕೆ ದೊಡ್ಡಮ್ಮ ಕದಲಲಿಲ್ಲ. ದೊಡ್ಡಪ್ಪನೇ ಕುಂಟುತ್ತ ಹೋಗಿ ಹೂವಿಟ್ಟ.

"ಮಡಿದವರಲ್ಲಿ ಬಾಯಿರೋದು ನನಗೊಬ್ಬನಿಗೇ, ಮೇಷ್ಟ್ರೇ. ಅದಕ್ಕೆ ಹೇಳ್ತಿದೀನಿ. ನಮಗೆ ಶಾಂತಿ ಸಾಕಾಗಿದೆ, ಮಕ್ಕಳು ಆಡಲಿ."

"ನೀನು ಬದುಕಿದೀಯಲ್ಲಯ್ಯ, ನಿನ್ನನ್ನ ಕೇಳಿದೋರ್ಯಾರು?"

"ಹಾಗಾದ್ರೆ ಕಲ್ಲಿಂದ ನನ್ನ ಹೆಸರು ತೆಗೆಸಿ."

ಅಧ್ಯಕ್ಷರ ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೆಸರು ತೆಗೆಸಿದರೆ ಅವರ ಮಾತೇ ಸುಳ್ಳು, ಹೆಸರು ಬಿಟ್ಟು ಬೀಗ ಹಾಕಿದರೆ ಸತ್ತವನ ಮಾತು ಮೀರಿದಂತೆ. ಜನ ನಗತೊಡಗಿದರು. ಬೋರ್ಡುಗಳು ಅಂದೇ ಕೆಳಗಿಳಿದವು. ಸಂಜೆಯ ಹೊತ್ತಿಗೆ ಸುಣ್ಣದ ಗೆರೆಗಳೆಲ್ಲ ಮಕ್ಕಳ ಕಾಲಿಗೆ ಸಿಕ್ಕಿ ಮಾಯವಾಗಿದ್ದವು. ದೊಡ್ಡಪ್ಪ ಸೊಂಟ ಹಿಡಿದುಕೊಂಡು, ಬೈದುಕೊಳ್ಳುತ್ತ ಮತ್ತೆ ಗೆರೆ ಹಾಕಿದ. ಅಷ್ಟು ಖುಷಿಯಿಂದ ಬೈಯುವವನನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಹೋದ ವರ್ಷ ಅವನು ನಿಜವಾಗಿ ತೀರಿಕೊಂಡ. ಕಲ್ಲುಕುಟಿಗನಿಗೆ ಕೆಲಸವಿರಲಿಲ್ಲ. ಸಮಿತಿಯವರು ಮನೆಗೆ ಬಂದು, ಗೌರವಕ್ಕಾಗಿ ಮೈದಾನವನ್ನು ಒಂದು ದಿನ ಮುಚ್ಚೋಣವೇ ಎಂದು ಕೇಳಿದರು. ದೊಡ್ಡಮ್ಮ ಕಣ್ಣೊರೆಸಿಕೊಂಡಳು.

"ಅವರು ಸತ್ತದ್ದಕ್ಕೆ ಆಗಲೇ ಐದು ವರ್ಷ ಆಟ ನಿಲ್ಲಿಸಿದೀರಿ," ಎಂದಳು. "ಇನ್ನು ಸಾಕು."