ಬೆನ್ನ ಹಿಂದೆ ಯಾರೂ ಇಲ್ಲದ ಒಂಬತ್ತು ದಿನ

ಸಿಂದಗಿಯಲ್ಲಿ ಸೋಮನಿಂಗ ಸಾವಕಾರರು ಒಬ್ಬರೇ ನಡೆದದ್ದನ್ನು ಕಂಡವರಿರಲಿಲ್ಲ. ಕ್ಷೌರಕ್ಕೆ ಹೋದರೂ ನಾಲ್ಕು ಜನ ಜೊತೆಗೆ ಹೋಗಿ ಬಾಕಿನ ಮೇಲೆ ಸಾಲಾಗಿ ಕೂತು, ಕತ್ತರಿ ಆಡಿದ ಕಡೆಗೆಲ್ಲ ತಲೆದೂಗುತ್ತಿದ್ದರು. ಹುಟ್ಟಿದ್ದು ಮೋರಟಗಿಯ ಹೊಲಮನೆಯಲ್ಲಿ, ಬೆಳೆದದ್ದು ಸಿಂದಗಿಯ ಸಭೆ ಸನ್ಮಾನಗಳಲ್ಲಿ. ವಯಸ್ಸು ಐವತ್ತನಾಲ್ಕು. ಬೀಜ ಗೊಬ್ಬರದ ಸಹಕಾರಿ ಸಂಘವೊಂದಕ್ಕೆ ಎರಡು ಅವಧಿಯಿಂದ ಅವರೇ ಅಧ್ಯಕ್ಷರು. ಇಪ್ಪತ್ತಾರು ವರ್ಷಗಳಿಂದ ಅವರು ತಮ್ಮ ಕೈಯಾರೆ ಗಾಡಿಯ ಬಾಗಿಲು ತೆಗೆದಿಲ್ಲ, ಚಹಾಕ್ಕೆ ರೊಕ್ಕ ಕೊಟ್ಟಿಲ್ಲ, ಫೋನು ಹಚ್ಚಿಲ್ಲ. ಅದೆಲ್ಲ ನಬಿಲಾಲನ ಕೆಲಸ.

ನಬಿಲಾಲನ ಜಾಗ ಸಾವಕಾರರ ಎಡಕ್ಕೆ, ಒಂದು ಹೆಜ್ಜೆ ಹಿಂದೆ. ಅವರ ಫೋನು, ಕನ್ನಡಕ, ಬಿ.ಪಿ. ಗುಳಿಗೆ ಎಲ್ಲ ಅವನ ಕಿಸೆಯಲ್ಲಿ. ಇವುಗಳ ಜೊತೆಗೆ ಅವನ ಬಾಯಲ್ಲಿ ಒಂದು ಮಾತಿತ್ತು: ಹೌದ್ರಿ. ಸಾವಕಾರರು ಇವತ್ತು ಬಿಸಿಲು ಬಹಳ ಎಂದರೆ ಹೌದ್ರಿ. ಅರ್ಧ ತಾಸಿನ ಮೇಲೆ ಅಂಥ ಬಿಸಿಲೇನಿಲ್ಲ ಎಂದರೆ ಅದಕ್ಕೂ ಹೌದ್ರಿ. ಆ ಹೌದ್ರಿ ಬೀಳುವವರೆಗೆ ಸಾವಕಾರರ ಯಾವ ವಾಕ್ಯವೂ ಮುಗಿದಂತಾಗುತ್ತಿರಲಿಲ್ಲ.

ಹೀಗೆ ಜನ ಕಟ್ಟಿಕೊಂಡು ತಿರುಗುವುದನ್ನು ಬರೀ ಜಂಬವೆಂದು ತಿಳಿಯಬಾರದು. ದೊಡ್ಡ ಮನುಷ್ಯ ಒಬ್ಬನೇ ಕಾಣಿಸಿದನೆಂದರೆ ಅವನ ಕಥೆ ಮುಗಿಯಿತು ಎಂದೇ ನಮ್ಮ ಕಡೆ ಲೆಕ್ಕ. ಹಿಂದಿನ ಅಧ್ಯಕ್ಷ ಶಂಕರೆಪ್ಪ ಒಂದು ಮುಂಜಾನೆ ತಾನೇ ಹೋಗಿ ಹಾಲಿನ ಪಾಕೀಟು ತಂದ. ಮನೆಯ ಆಳಿಗೆ ಜ್ವರ ಬಂದಿತ್ತು, ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಅವನ ಕಡೆಯವರೆಲ್ಲ ಅವನನ್ನು ಬಿಟ್ಟರು ಎಂದು ಊರಿಗೆ ಊರೇ ಹೇಳತೊಡಗಿತು. ಅದನ್ನು ಕೇಳಿ ಅವನ ಕಡೆಯವರು ನಿಜವಾಗಿಯೂ ಬಿಟ್ಟರು. ಮುಂದೆ ಬಂದ ಚುನಾವಣೆಯಲ್ಲಿ ಗೆದ್ದವರು ಸೋಮನಿಂಗ ಸಾವಕಾರರು. ಹಾಲಿನ ಪಾಕೀಟನ್ನು ಅವರು ಮರೆಯುವುದುಂಟೆ.

ಈಗ ಮತ್ತೆ ಚುನಾವಣೆ ಹತ್ತಿರ ಬಂದಿತ್ತು. ಎದುರಾಳಿ ಖಂಡೆಪ್ಪ ಹತ್ತು ಜನರನ್ನು ಕಟ್ಟಿಕೊಂಡು ದುಬೈಗೆ ಹೋಗಿ ಬಂದು, ಕಪ್ಪು ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದ. ಸಾವಕಾರರು ಸುಮ್ಮನಿರಲಾದೀತೆ? ಸೊಲ್ಲಾಪುರದ ಟೂರಿನ ಏಜೆಂಟನನ್ನು ಕರೆಸಿ, ಖಂಡೆಪ್ಪ ಹೋಗಿರದ ಮತ್ತು ಹೋಗಲಾರದ ಊರು ಬೇಕು ಎಂದರು. ಷರತ್ತು ಅದೊಂದೇ. ಏಜೆಂಟ ಬಹಳ ಹುಡುಕಿ ಯುರೋಪಿನ ಸ್ಲೊವೇನಿಯಾ ದೇಶದ ಲ್ಯುಬ್ಲಿಯಾನಾ ಎಂಬ ಊರನ್ನು ತೆಗೆದ. ಹೆಸರು ಯಾರ ಬಾಯಲ್ಲೂ ಹೊರಳಲಿಲ್ಲ, ಆದ್ದರಿಂದ ಎಲ್ಲರಿಗೂ ಭಾರಿ ಊರೇ ಇರಬೇಕೆನ್ನಿಸಿತು.

ಹೊರಡಬೇಕಾದವರು ನಾಲ್ವರು: ಸಾವಕಾರರು, ನಬಿಲಾಲ, ಫ್ಲೆಕ್ಸ್ ಮಾಡಿಸುವ ಕಲ್ಮೇಶ, ಸಂಘದ ನಿರ್ದೇಶಕ ಭೀಮಶ್ಯಾ. ವೀಸಾ ಬಂದದ್ದು ಸಾವಕಾರರೊಬ್ಬರಿಗೆ. ಪ್ರವಾಸದ ಉದ್ದೇಶವೇನು ಎಂಬ ಪ್ರಶ್ನೆಗೆ ಉಳಿದ ಮೂವರೂ ಸಾವಕಾರರ ಜೊತೆಗಿರುವುದು ಎಂದು ಪ್ರಾಮಾಣಿಕವಾಗಿ ಬರೆಸಿದ್ದರು.

ಒಬ್ಬರೇ ಹೋಗುವುದೆಂದರೆ ಸಾವಕಾರರಿಗೆ ಪ್ರವಾಸವೇ ಬೇಡವೆನ್ನಿಸಿತು. ಆದರೆ ಬಸ್ ಸ್ಟ್ಯಾಂಡಿನ ಮುಂದೆ ಇಪ್ಪತ್ತು ಅಡಿಯ ಫ್ಲೆಕ್ಸ್ ಆಗಲೇ ನಿಂತಿತ್ತು. ಯುರೋಪ ಪ್ರವಾಸಕ್ಕೆ ಹೊರಟವರಿಗೆಂದು ಸಿಂದಗಿಯಲ್ಲೆರಡು, ಪಕ್ಕದ ಇಂಡಿ ಊರಲ್ಲೊಂದು ಸನ್ಮಾನವೂ ಆಗಿ, ಹೊದಿಸಿದ ಶಾಲುಗಳು ಮನೆಯ ಟ್ರಂಕಿನಲ್ಲಿದ್ದವು. ಈಗ ಹಿಂದೆ ಸರಿದರೆ ಖಂಡೆಪ್ಪ ಏನೆನ್ನುತ್ತಾನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಂಡತಿ ವಿದ್ಯಾವತಿಗೆ ಮಾತ್ರ ಇದರಲ್ಲಿ ಚಿಂತೆಯೇನೂ ಕಾಣಲಿಲ್ಲ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟುತ್ತ ಅಂದಳು:

"ಹೋಗಿ ಬರ್ರಿ. ಒಮ್ಮೆಯರ ನಿಮ್ಮ ಅಂಗಿ ಎಲ್ಲಿ ಇಟ್ಟೀರಿ ಅಂತ ನಿಮಗ ಗೊತ್ತಾಗ್ಲಿ."

ಹೈದರಾಬಾದಿನ ವಿಮಾನ ನಿಲ್ದಾಣದವರೆಗೆ ಆರು ಗಾಡಿ ಹೋದವು. ಟಿಕೆಟ್ಟಿಲ್ಲದವರನ್ನು ಒಳಗೆ ಬಿಡುವುದಿಲ್ಲವೆಂದು ಅಲ್ಲಿ ಹೋದಮೇಲೆ ತಿಳಿಯಿತು. ನಬಿಲಾಲ ಫೋನು, ಕನ್ನಡಕ, ಗುಳಿಗೆಗಳನ್ನು ಒಂದೊಂದಾಗಿ ಸಾವಕಾರರ ಕಿಸೆಗಿಟ್ಟು, ಯಾವುದು ಯಾವ ಕಿಸೆಯಲ್ಲಿದೆ ಎಂದು ಎರಡು ಸಲ ಹೇಳಿ, ಕಣ್ಣೊರೆಸಿಕೊಂಡ.

ಆ ಊರಿನಲ್ಲಿ ಇಳಿದಾಗ ಮೊದಲಿಗೆ ಎಲ್ಲ ಸರಿಯಾಗಿಯೇ ಇತ್ತು. ಗಾಜಿನ ಬಾಗಿಲು ಅವರನ್ನು ಕಂಡೊಡನೆ ತಾನಾಗಿ ತೆರೆಯಿತು. ಇಲ್ಲಿ ಬಾಗಿಲಿಗೂ ಮರ್ಯಾದೆ ಗೊತ್ತಿದೆ ಎಂದು ಸಾವಕಾರರು ಮೆಚ್ಚಿದರು. ಹೊರಗೆ ಟ್ಯಾಕ್ಸಿಯ ಬಾಗಿಲು ಹಾಗೆ ತೆರೆಯಲಿಲ್ಲ. ಅವರು ಅದರ ಮುಂದೆ ಗತ್ತಿನಿಂದ ನಿಂತೇ ಇದ್ದರು. ಚಾಲಕ ಸ್ವಲ್ಪ ಹೊತ್ತು ನೋಡಿ, ಇವರು ಬರುವವರಲ್ಲವೆಂದುಕೊಂಡು ಬೇರೆಯವರನ್ನು ಹತ್ತಿಸಿಕೊಂಡು ಹೋದ. ಹೀಗೆ ಮೂರು ಗಾಡಿ ಹೋದ ಮೇಲೆ ಸಾವಕಾರರು ಕೈ ಚಾಚಿ ಬಾಗಿಲು ತೆಗೆದರು.

ಆ ಗಾಡಿಯೂ ಅರ್ಧ ದಾರಿಗೇ ನಿಂತಿತು. ಊರಿನ ನಡುಭಾಗದಲ್ಲಿ ಗಾಡಿ ಬಿಡುವುದಿಲ್ಲವಂತೆ, ಎಂಥ ದೊಡ್ಡವರಾದರೂ ನಡೆದೇ ಹೋಗಬೇಕಂತೆ. ಬ್ಯಾಗು ಎಳೆಯುತ್ತ ಸಾವಕಾರರು ಕಲ್ಲು ಹಾಸಿದ ಬೀದಿಯಲ್ಲಿ ನಡೆದರು. ಇಕ್ಕೆಲದಲ್ಲೂ ಜನ ಕೂತು ಕಾಫಿ ಕುಡಿಯುತ್ತಿದ್ದರು, ಒಬ್ಬರೂ ಎದ್ದು ನಿಲ್ಲಲಿಲ್ಲ. ಊರ ನಡುವೆ ಹಸಿರು ನೀರಿನ ಹೊಳೆ ಹರಿಯುತ್ತಿತ್ತು; ಒಂದು ಸೇತುವೆಯ ನಾಲ್ಕು ಮೂಲೆಗೂ ರೆಕ್ಕೆ ಬಂದ ಓತಿಕ್ಯಾತದಂಥ ದೊಡ್ಡ ಮೂರ್ತಿಗಳಿದ್ದವು.

"ಹೊಳಿ ಛಲೋ ಐತಿ," ಎಂದರು ಸಾವಕಾರರು, ಎಡಕ್ಕೆ ತಿರುಗಿ.

ಎಡಕ್ಕೆ ಯಾರೂ ಇರಲಿಲ್ಲ. ಮಾತು ಅಲ್ಲೇ ನಿಂತಿತು. ಹೌದ್ರಿ ಬೀಳದೆ ಹೋದದ್ದರಿಂದ ಹೊಳೆ ನಿಜಕ್ಕೂ ಚೆನ್ನಾಗಿದೆಯೋ ಇಲ್ಲವೋ ಅವರಿಗೇ ಅನುಮಾನ ಬಂತು. ಇನ್ನೊಮ್ಮೆ ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಯಾವುದನ್ನಾದರೂ ಅವರು ಎರಡನೇ ಸಲ ನೋಡಿದ್ದು ಅದೇ ಮೊದಲು. ಚೆನ್ನಾಗಿಯೇ ಇತ್ತು.

ಎರಡು ದಿನ ಹೋಟೆಲಿನ ಕೋಣೆಯಲ್ಲಿ ಕೂತು ರೊಟ್ಟಿ ಮುರಿದರು. ಊರಿಂದ ಫೋನು ಬಂದಾಗಲೆಲ್ಲ ಭಾರಿ ಸ್ವಾಗತ ನಡೆದಿದೆ, ಪುರುಸೊತ್ತಿಲ್ಲ ಎಂದರು. ಮೂರನೆಯ ದಿನ ಬೇಸರ ತಾಳದೆ ಹೊರಬಿದ್ದು ದಾರಿ ತಪ್ಪಿಸಿಕೊಂಡರು. ಫೋನಿನಲ್ಲಿ ದಾರಿ ನೋಡುವುದು ಬಾರದು, ಕೇಳೋಣವೆಂದರೆ ಅಂದಿನ ಬಿ.ಎ. ಇಂಗ್ಲಿಷು ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. ತಿರುಗಿ ತಿರುಗಿ ಹೊಳೆಯ ದಂಡೆಯ ಕಾಯಿಪಲ್ಲೆ ಸಂತೆಗೆ ಬಂದಾಗ, ಅಲ್ಲಿ ಸೇಬು, ಕುಂಬಳಕಾಯಿ ಇಟ್ಟುಕೊಂಡು ಒಬ್ಬ ಮುದುಕಿ ಕೂತಿದ್ದಳು. ಸಾವಕಾರರು ತಮ್ಮ ಪರಿಚಯದಿಂದಲೇ ಶುರು ಮಾಡುವುದು ಮೇಲೆಂದುಕೊಂಡು ವಿಸಿಟಿಂಗ್ ಕಾರ್ಡು ಕೊಟ್ಟರು. ಕೈಮುಗಿದ ಫೋಟೊ, ಕೆಳಗೆ ಎರಡೂ ಮಗ್ಗುಲು ಒಂಬತ್ತು ಹುದ್ದೆ.

ಮುದುಕಿ ಅದನ್ನು ತಿರುವಿ ನೋಡಿದಳು. ಫೋಟೊ ನೋಡಿದಳು, ಸಾವಕಾರರ ಮುಖ ನೋಡಿದಳು, ನಕ್ಕಳು. ಆಮೇಲೆ ಕಾರ್ಡನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ತನ್ನ ಮೇಜಿನ ಕಾಲಿನ ಕೆಳಗೆ ಸಿಕ್ಕಿಸಿದಳು. ಮೇಜು ಗಟ್ಟಿಯಾಗಿ ನಿಂತಿತು. ಆ ಕಾರ್ಡು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲೆಂದು ಹೇಳಬೇಕು.

ಅಷ್ಟಕ್ಕೇ ಅವಳು ಬಿಡಲಿಲ್ಲ. ಸಂತೆ ಮುಗಿಯುವ ಹೊತ್ತು. ಸೇಬಿನ ಪೆಟ್ಟಿಗೆ ತೋರಿಸಿ, ತನ್ನ ಸೊಂಟ ತೋರಿಸಿ, ಆಚೆ ನಿಂತ ಕೈಗಾಡಿ ತೋರಿಸಿದಳು. ಸಾವಕಾರರು ಅಭ್ಯಾಸದಂತೆ ಎಡಕ್ಕೆ ತಿರುಗಿದರು. ಯಾರೂ ಇಲ್ಲ. ಬಲಕ್ಕೂ ತಿರುಗಿದರು. ಈ ಊರಿನಲ್ಲಿ ತಮ್ಮನ್ನು ಕಂಡು ಸಿಂದಗಿಗೆ ಸುದ್ದಿ ಮುಟ್ಟಿಸುವವರು ಯಾರಿದ್ದಾರೆ ಎಂಬುದು ಅವರಿಗೆ ಆಗ ಹೊಳೆಯಿತು. ಬಗ್ಗಿ ಪೆಟ್ಟಿಗೆ ಎತ್ತಿದರು. ಒಂದಲ್ಲ, ಐದು ಪೆಟ್ಟಿಗೆ ಒಯ್ದು ಇಟ್ಟರು. ಬೆನ್ನು ಕಟಕಟ ಎಂದಿತು, ಅಂಗಿ ಬೆವರಿನಲ್ಲಿ ತೊಯ್ದಿತು. ಮುದುಕಿ ಒಂದು ಸೇಬು ಕೊಟ್ಟು, ಅವರು ತೋರಿಸಿದ ಹೋಟೆಲಿನ ಚೀಟಿ ನೋಡಿ, ಹೊಳೆಗುಂಟ ಹೋಗೆಂದು ಕೈಮಾಡಿದಳು.

ದಾರಿಯಲ್ಲಿ ನಡೆಯುತ್ತಲೇ ಸಾವಕಾರರು ಆ ಸೇಬು ತಿಂದರು. ಶಾಲು, ಹಾರ, ಸೇರುಗಟ್ಟಲೆ ಫೇಡೆ ಅವರಿಗೆ ಬಂದದ್ದಕ್ಕೆ ಲೆಕ್ಕವಿಲ್ಲ. ಆದರೆ ದುಡಿದು ತಿಂದ ಹಣ್ಣಿನ ರುಚಿ ಬೇರೆಯೇ ಇತ್ತು. ಅವರಿಗೆ ಬಹಳ ಸಂತೋಷವಾಯಿತು; ಯಾಕೆಂದು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ, ಹೇಳಬೇಕೆಂದೂ ಅನ್ನಿಸಲಿಲ್ಲ.

ಉಳಿದ ದಿನ ಅವರು ಸುಮ್ಮನೆ ನಡೆದರು. ಮನಸ್ಸಿಗೆ ಬಂದಲ್ಲಿ ತಿರುಗಿದರು, ಬೇಡವಾದರೆ ನಿಂತರು. ಬಾಕಿನ ಮೇಲೆ ಕಾಲು ಚಾಚಿ ಕೂತು, ಯಾರೂ ನಮಸ್ಕರಿಸದ ಕಾರಣ ಯಾರಿಗೂ ನಮಸ್ಕರಿಸದೆ, ತಾಸುಗಟ್ಟಲೆ ಹೊಟ್ಟೆ ಸಡಿಲ ಬಿಟ್ಟುಕೊಂಡು ನೀರು ನೋಡಿದರು. ಕಾಫಿ ಕುಡಿದು ತಾವೇ ರೊಕ್ಕ ಕೊಟ್ಟು, ಅದು ಇಷ್ಟು ಸುಲಭದ ಕೆಲಸವೇ ಎಂದು ಬೆರಗಾದರು. ಸಂಜೆ ಸಂತೆಗೆ ಹೋಗಿ ಪೆಟ್ಟಿಗೆ ಎತ್ತಿ ಕೊಡುವುದು ತಪ್ಪಲಿಲ್ಲ. ಮುದುಕಿ ದೂರದಿಂದಲೇ ಕತ್ತು ಆಡಿಸಿ ಬಾ ಎನ್ನುವಳು. ಆ ಕರೆ ಅಧ್ಯಕ್ಷರಿಗಲ್ಲ, ಪೆಟ್ಟಿಗೆ ಎತ್ತುವವನಿಗೆ ಎಂಬುದು ಸಾವಕಾರರಿಗೆ ಗೊತ್ತಿತ್ತು, ಅದಕ್ಕೇ ಅವರು ತಪ್ಪದೆ ಹೋಗುತ್ತಿದ್ದರು.

ಒಂಬತ್ತು ದಿನ ಮುಗಿದವು. ಹೈದರಾಬಾದಿನಲ್ಲಿ ಒಂಬತ್ತು ಗಾಡಿ ಕಾದಿದ್ದವು, ಹಾರಗಳಂತೂ ಸರಿಯೇ. ಸಾವಕಾರರು ಕೈ ತಡೆಯದೆ ಬೊಲೆರೊದ ಬಾಗಿಲನ್ನು ತಾವೇ ಸೆಳೆದರು. ಅದು ಬಾಗಿಲು ತೆಗೆಯಲು ಓಡಿಬಂದ ಕಲ್ಮೇಶನ ಮೊಣಕಾಲಿಗೆ ಬಡಿಯಿತು. ಏನೇನು ನೋಡಿದಿರಿ ಎಂದು ಎಲ್ಲರೂ ಕೇಳಿದರೆ, ನಡೆದೆ ಎಂದಷ್ಟೇ ಅಂದರು. ವಿಮಾನದ ಆಯಾಸವಿರಬೇಕೆಂದು ಎಲ್ಲರೂ ತೀರ್ಮಾನಿಸಿದರು.

ಮೂರು ದಿನ ಮನೆಯ ಮುಂದಿನ ಜನವನ್ನು ಸಹಿಸಿದರು. ನಾಲ್ಕನೆಯ ಮುಂಜಾನೆ, ಯಾರೂ ಬರುವ ಮೊದಲೇ ಎದ್ದು, ಚಪ್ಪಲಿ ಮೆಟ್ಟಿಕೊಂಡು ಒಬ್ಬರೇ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಹಾಲಿನ ಪಾಕೀಟು ನೆನಪಿಗೆ ಬರಲಿಲ್ಲವೆಂದಲ್ಲ, ಚೆನ್ನಾಗಿಯೇ ಬಂತು. ಆದರೂ ನಡೆದರು. ಎದುರಾದ ಹೂವಿನವನು ಗಾಬರಿಯಿಂದ ಎದ್ದು ನಿಂತು, ಮನೆಯಲ್ಲಿ ಏನಾದರೂ ಆಯಿತೇ ಎಂದು ಕೇಳಿದ.

ಒಂಬತ್ತು ಗಂಟೆಗೆ ಖಂಡೆಪ್ಪನ ಕಡೆಯವರು ಸಾವಕಾರರನ್ನು ಎಲ್ಲರೂ ಬಿಟ್ಟರೆಂದು ಸಾರಿದರು. ಹನ್ನೊಂದಕ್ಕೆ ಬಸವನ ಬಾಗೇವಾಡಿಯಿಂದ ವಿದ್ಯಾವತಿಯ ತಂಗಿ ಫೋನು ಮಾಡಿ, ಯಜಮಾನರ ತಲೆ ಸರಿಯಿದೆಯೇ ಎಂದು ಹಗೂರಕ್ಕೆ ವಿಚಾರಿಸಿದಳು. ಮಧ್ಯಾಹ್ನಕ್ಕೆ ಇಬ್ಬರು ನಿರ್ದೇಶಕರು ಖಂಡೆಪ್ಪನ ಅಂಗಳದಲ್ಲಿ ಕಂಡರು. ಅಧ್ಯಕ್ಷತನ ಕೈಬಿಟ್ಟು ಹೋಗುತ್ತಿತ್ತು, ಮುಂಜಾನೆಯ ನಡಿಗೆ ಬಿಡಲು ಸಾವಕಾರರು ಒಪ್ಪಲೊಲ್ಲರು. ಕೊನೆಗೆ ದಾರಿ ಕಂಡುಹಿಡಿದವನು ಕಲ್ಮೇಶ. ಮರುದಿನ ಬಸ್ ಸ್ಟ್ಯಾಂಡಿನ ಮುಂದೆ ಹೊಸ ಫ್ಲೆಕ್ಸ್ ನಿಂತಿತ್ತು: ಯುರೋಪ ಮಾದರಿ, ಒಬ್ಬರೇ ನಡೆಯುವ ನಾಯಕ.

ನಾಯಕರು ಒಬ್ಬರೇ ನಡೆಯುವುದನ್ನು ನೋಡಲು ಮೊದಲ ದಿನ ನಲವತ್ತು ಜನ ಹಿಂದೆ ನಡೆದರು. ವಾರದಲ್ಲಿ ಅದು ಇನ್ನೂರಾಯಿತು. ಮುಂದೆ ಇಬ್ಬರು ದಾರಿ ಬಿಡಿಸುತ್ತ, ಸಾವಕಾರರು ಒಬ್ಬರೇ ನಡೀತಾರ, ಸರೀರಿ ಎಂದು ಕೂಗುತ್ತಿದ್ದರು. ಖಂಡೆಪ್ಪನೂ ಒಬ್ಬನೇ ನಡೆಯತೊಡಗಿದ, ಆದರೆ ಅವನ ಹಿಂದೆ ಎಪ್ಪತ್ತು ಜನಕ್ಕಿಂತ ಹೆಚ್ಚು ಕೂಡಲಿಲ್ಲ. ನವೆಂಬರಿನಲ್ಲಿ ಸೋಮನಿಂಗ ಸಾವಕಾರರು ಮೂರನೆಯ ಸಲ ಅಧ್ಯಕ್ಷರಾದರು.

ಗೆದ್ದ ಮರುದಿನ, ಇನ್ನೂರು ಜನರೊಂದಿಗೆ ಒಬ್ಬರೇ ನಡೆಯುತ್ತ ಬಂದು, ಸಾವಕಾರರು ಚಹಾದಂಗಡಿಯ ಮುಂದೆ ನಿಂತರು. ಕುಡಿದು ಮುಗಿಸಿ ಕಿಸೆಗೆ ಕೈ ಹಾಕುವಷ್ಟರಲ್ಲಿ ಆರು ಕೈ ರೊಕ್ಕ ಹಿಡಿದು ಮುಂದೆ ಬಂದಿದ್ದವು. ಅವರು ಕೈಯನ್ನು ಹಾಗೇ ಕಿಸೆಯಲ್ಲಿ ಬಿಟ್ಟುಕೊಂಡು ನಿಂತರು. ಎಡಕ್ಕೆ, ಒಂದು ಹೆಜ್ಜೆ ಹಿಂದೆ, ನಬಿಲಾಲ ಎಂದಿನಂತೆ ನಿಂತಿದ್ದ. ತಾವಿಲ್ಲದ ಒಂಬತ್ತು ದಿನ ಇವನು ಏನು ಮಾಡಿದ ಎಂಬುದನ್ನು ತಾವು ಕೇಳಿಯೇ ಇಲ್ಲವೆಂದು ಸಾವಕಾರರಿಗೆ ಆಗ ನೆನಪಾಯಿತು. ಕೇಳಿದರು.

ನಬಿಲಾಲ ಮೊದಲು ಏನಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ ಹೇಳಿದ. ದಿನಾ ಮಧ್ಯಾಹ್ನ ಮನೆಗೆ ಹೋಗಿ ಹಜರಾಬಿ ಮಾಡಿದ ಬಿಸಿ ರೊಟ್ಟಿ ಉಂಡನಂತೆ. ಇಪ್ಪತ್ತಾರು ವರ್ಷದಲ್ಲಿ ಹೆಂಡತಿಯ ಕೈಯ ರೊಟ್ಟಿಯನ್ನು ಆತ ಬಿಸಿ ಇದ್ದಾಗ ಉಂಡಿರಲಿಲ್ಲ. ಒಂದು ದಿನ ಯಾರಿಗೂ ಹೇಳದೆ ಕೆರೆ ಏರಿಯ ಮೇಲೆ ಹೋಗಿ ಹೊತ್ತು ಮುಳುಗುವ ತನಕ ಸುಮ್ಮನೆ ಕೂತಿದ್ದನಂತೆ.

"ಮತ್ತ ಯಾವಾಗ ಹೋಗ್ತೀರಿ, ಸಾವಕಾರ್ರ?" ಎಂದು ಕೇಳಿ, ಕೇಳಿದ್ದು ತಪ್ಪಾಯಿತೇನೋ ಎಂದು ನೆಲ ನೋಡಿದ. ಆಮೇಲೆ ಮೆಲ್ಲಗೆ ಅಂದ: "ಮನಷ್ಯಾ ಆಗಾಗ ಒಬ್ಬನ ಇರಬೇಕ ನೋಡ್ರಿ."

ಸಾವಕಾರರು ಎಡಕ್ಕೆ ತಿರುಗಿ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನಬಿಲಾಲನ ಮುಖ ನೋಡಿದರು.

"ಹೌದ್ರಿ," ಎಂದರು.