ಸಂಗಪ್ಪ ಕಾಕಾ ನಿಡೋಣಿಗೆ ಎರಡು ಸಲ ಹೋದ ಬೇಸಿಗೆ

ಆಗೆಲ್ಲ ಬೇಸಿಗೆ ಬಂತೆಂದರೆ ನಮ್ಮ ತಿಕೋಟಾದ ಗಾಳಿಗೇ ಸಿಹಿ ಹತ್ತುತ್ತಿತ್ತು. ತೋಟದ ಶೆಡ್ಡಿನಲ್ಲಿ ಜಾಲರಿಗಳ ಮೇಲೆ ಹರವಿದ ದ್ರಾಕ್ಷಿ ಒಣಗುತ್ತ ಬಂದಂತೆ ಅದರ ವಾಸನೆ ಬಟ್ಟೆಗೆ, ತಲೆಗೂದಲಿಗೆ, ಕೊನೆಗೆ ಬುತ್ತಿಯ ರೊಟ್ಟಿಗೂ ಅಂಟಿಕೊಳ್ಳುತ್ತಿತ್ತು. ನಾವು ಹುಡುಗಿಯರು ಅರ್ಧ ಒಣಗಿದ ಹಣ್ಣನ್ನು ಫ್ರಾಕಿನ ಜೇಬಿಗೆ ತುಂಬಿಕೊಂಡು, ಬೆನ್ನ ಹಿಂದೆ ಜೇನುಹುಳುಗಳನ್ನು ಹಚ್ಚಿಕೊಂಡು ಓಡುತ್ತಿದ್ದೆವು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ, ಅಂಥದೇ ಬೇಸಿಗೆಯ ಮೊದಲಿಗೆ, ಅಪ್ಪನ ತಮ್ಮ ಸಂಗಪ್ಪ ಕಾಕಾ ವಿಜಯಪುರದ ಕುಡಿತ ಬಿಡಿಸುವ ಕೇಂದ್ರದಿಂದ ಮನೆಗೆ ಬಂದ. ದ್ರಾಕ್ಷಿ ಬಳ್ಳಿಗೆ ಕತ್ತರಿ ಹಾಕುವುದರಲ್ಲಿ ಅವನ ಕೈಗೆ ಹೆಸರಿತ್ತು. ವಿಜಯಪುರದ ಸ್ಟೇಷನ್ ರಸ್ತೆಯ ಯಾವ ಯಾವುದೋ ಕಟ್ಟೆಯ ಮೇಲೆ ಬಿದ್ದಿದ್ದವನನ್ನು ಅಪ್ಪ ಎಬ್ಬಿಸಿ ತಂದದ್ದೂ ಊರಿಗೆಲ್ಲ ಗೊತ್ತಿತ್ತು. ಆದರೂ ಅವನು ಕೇಂದ್ರದಲ್ಲಿದ್ದಷ್ಟು ದಿನ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕೇಳಿದವರಿಗೆಲ್ಲ “ಸೊಲ್ಲಾಪುರದಾಗ ಕೆಲಸ ಸಿಕ್ಕೈತ್ರಿ” ಎನ್ನುತ್ತಿದ್ದಳು.

ಬಂದವನು ಮೊದಲಿನ ಕಾಕಾ ಆಗಿರಲಿಲ್ಲ. ಬಾಯಿಗೆ ಸದಾ ಬೆಲ್ಲದ ಚೂರು ಬೇಕಿತ್ತು. ಹಗಲೆಲ್ಲ ಶೆಡ್ಡಿನಲ್ಲಿ ದುಡಿದು, ಹೊತ್ತು ಇಳಿಯುತ್ತಲೂ ಕಟ್ಟೆಯ ಮೇಲೆ ನಮ್ಮ ಜೊತೆ ಚೌಕಾಬಾರಾ ಆಡಲು ಕೂರುತ್ತಿದ್ದ.

“ಕಾಕಾ, ನೀ ದೊಡ್ಡಾವ್ರ ಜೋಡಿ ಯಾಕ ಕುಂದ್ರೂದಿಲ್ಲ?” ಎಂದು ಒಂದು ದಿನ ಕೇಳಿದೆ.

“ಸಂಜಿ ಆತಂದ್ರ ನನ್ನ ಕಾಲು ತಾವ ಅಂಗಡಿ ಕಡೆ ಹೊಂಡ್ತಾವವ್ವಾ. ದೊಡ್ಡಾವ್ರ ನಡುವಿಂದ ಎದ್ದು ಹೋಗಬಹುದು. ಆಟ ಅರ್ಧಾ ಬಿಟ್ಟು ಎದ್ರ ನೀವು ಬಿಡ್ತೀರೇನು?”

ನಿಜ, ನಾವು ಬಿಡುತ್ತಿರಲಿಲ್ಲ. ಅಂಗಿ ಹಿಡಿದು ಕೂರಿಸುತ್ತಿದ್ದೆವು.

ಅದೇ ಹೊತ್ತಿಗೆ ನಿಡೋಣಿಯಿಂದ ಸಂಬಂಧ ಬಂತು. ಹುಡುಗಿಯ ಹೆಸರು ಕಸ್ತೂರಿ. ಆಯಿ, ಅಪ್ಪ, ಕಾಕಾನ ಜೊತೆ ನಾನೂ ಹೋದೆ. ದಾರಿಯುದ್ದಕ್ಕೂ ಆಯಿ, “ಸಂಗ್ಯಾ, ಅಲ್ಲಿ ಬಾಯಿ ಬಿಡಬ್ಯಾಡ. ನಾ ಮಾತಾಡ್ತೇನಿ” ಎಂದು ಹೇಳುತ್ತಲೇ ಇದ್ದಳು.

ಅವಲಕ್ಕಿ ಬಂತು, ಚಹಾ ಬಂತು. ಕಸ್ತೂರಿಯ ಅಪ್ಪ ಮೆಲ್ಲಗೆ ಕೇಳಿದರು: “ಹುಡುಗಗ ಏನರ ಚಟಾ...?”

“ಅಯ್ಯ, ಅಡಿಕಿ ಸೈತ ಮುಟ್ಟೂದಿಲ್ಲರಿ,” ಎಂದಳು ಆಯಿ.

ಕಾಕಾ ಅವಲಕ್ಕಿಯ ತಾಟನ್ನು ಕೆಳಗಿಟ್ಟ. “ಅವ್ವಾ, ಹಂಗನಬ್ಯಾಡ. ನಾ ಕುಡೀತಿದ್ದೆರಿ, ಬಾಳ ಕುಡೀತಿದ್ದೆ. ಬಿಡಸೂ ಕೇಂದ್ರದಾಗಿಂದ ಮೊನ್ನೆ ಬಂದೇನಿ.”

ಆಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಾಗಿಲ ಮರೆಯಲ್ಲಿದ್ದ ಕಸ್ತೂರಿ ಮುಂದೆ ಬಂದಳು.

“ಇನ್ನ ಮುಟ್ಟೂದಿಲ್ಲಂತ ಆಣಿ ಮಾಡ್ತೀರೇನ್ರಿ?”

“ಆಣಿ ರಗಡ ಮಾಡೇನ್ರಿ. ಎಲ್ಲಾ ಮುರದೇನಿ. ಇವತ್ತ ಕುಡದಿಲ್ಲ, ಅಷ್ಟ ಹೇಳಬಲ್ಲೆ.”

ಬರುವಾಗ ಗಾಡಿಯಲ್ಲಿ ಆಯಿ ಅತ್ತಳು, ಬೈದಳು, ಮತ್ತೆ ಅತ್ತಳು. ಆದರೆ ನಾಲ್ಕಾರು ದಿನದಲ್ಲಿ ನಿಡೋಣಿಯಿಂದ ಮಾತು ಬಂತು: ದ್ರಾಕ್ಷಿ ಕೆಲಸ ಮುಗಿಯಲಿ, ಆಮೇಲೆ ನೋಡೋಣ. ಹಾಗೆ ಹೇಳಿಸಿದ್ದು ಕಸ್ತೂರಿಯೇ. ಕಾಕಾ ಶೆಡ್ಡಿನಲ್ಲಿ ಶಿಳ್ಳೆ ಹಾಕುತ್ತ ಕೆಲಸ ಮಾಡಿದ್ದನ್ನು ನಾನು ಆ ದಿನಗಳಲ್ಲೇ ಮೊದಲು ಕೇಳಿದ್ದು.

ಒಣದ್ರಾಕ್ಷಿ ಲಾರಿ ಏರಿದ ದಿನ ಕಾಕಾನ ಗೆಳೆಯರು ತೋಟದಲ್ಲಿ ಊಟ ಇಟ್ಟಿದ್ದರು. ಕಾಕಾ ಅಲ್ಲಿ ಕುಡಿದ.

ಮರುದಿನ ಬೆಳಿಗ್ಗೆ ಅವನು ಹಿತ್ತಲಲ್ಲಿ ಮಂಡಿಯ ನಡುವೆ ತಲೆ ಹುದುಗಿಸಿ ಕೂತಿದ್ದ. ಆಯಿ ಪಕ್ಕದಲ್ಲಿ ಕೂತು ಪಿಸುಗುಟ್ಟಿದಳು: “ಆಗಿದ್ದ ಆತು. ನಿಡೋಣ್ಯಾವ್ರಿಗೆ ಯಾರು ಹೇಳ್ತಾರ? ಸುಮ್ಮನಿರು.”

ಕಾಕಾ ಎದ್ದು ತಣ್ಣೀರು ಸುರಿದುಕೊಂಡ. ಮೋಟರ್ ಸೈಕಲ್ ಹೊರಗೆ ತೆಗೆದು, ನನ್ನನ್ನು ಕರೆದು, “ದೀಪಾ, ಹತ್ತು” ಎಂದ. “ನೀ ಮುಂದ ಕುಂತಿದ್ರ ದಾರ್‍ಯಾಗ ಎಲ್ಲೂ ನಿಲ್ಲೂದಿಲ್ಲ ನಾ.”

ನಿಡೋಣಿಯಲ್ಲಿ ಕಸ್ತೂರಿ ಅಂಗಳದಲ್ಲಿ ಶಾವಿಗೆ ಒಣಹಾಕುತ್ತಿದ್ದಳು. ಕಾಕಾ ಗಾಡಿಯಿಂದ ಇಳಿದವನೇ, “ನಿನ್ನೆ ಕುಡದೇನ್ರಿ” ಎಂದ.

“ಮುಗೀತಲ್ಲ, ಮತ್ಯಾಕ ಬಂದಿ?” ಎಂದು ಅವಳ ಅಪ್ಪ ಎದ್ದರು.

“ತಡೀ ಅಪ್ಪಾ,” ಎಂದಳು ಕಸ್ತೂರಿ. “ಕುಡದು ಮುಚ್ಚಿಡಾವ್ರು ಊರಿಗಿಷ್ಟ ಮಂದಿ ಅದಾರ. ಹೇಳಾಕಂತ ಬಂದಾವ್ರು ಇವ್ರೊಬ್ರ.” ಆಮೇಲೆ ಕಾಕಾನ ಕಡೆ ತಿರುಗಿ, “ಈಗ ಎಲ್ಲಿಗೆ ಹೊಂಟೀರಿ?” ಎಂದು ಕೇಳಿದಳು.

“ಬಿಜಾಪುರಕ್ಕ, ಕೇಂದ್ರಕ್ಕ. ಮತ್ತ ಮೊದಲಿಂದ ಸುರು ಮಾಡ್ತೇನ್ರಿ.”

“ಹೋಗಿ ಬರ್ರಿ. ನನಗೇನು ಗಡಿಬಿಡಿ ಇಲ್ಲ.”

ನನ್ನ ಕೈಗೆ ಅವಳು ಒಂದು ಹಿಡಿ ಹಸಿ ಶಾವಿಗೆ ಕೊಟ್ಟಳು. ಕೇಂದ್ರದ ಬಾಗಿಲಲ್ಲಿ ಕಾಕಾನನ್ನು ಕಂಡು ಅಲ್ಲಿದ್ದ ಹಿರಿಯರು ಬೈಯಲಿಲ್ಲ. “ಬಂದೆಲ್ಲ, ಚಲೋ ಆತು. ಇದು ಜಡ್ಡು, ರೋಗಪಾ, ತಿರುಗಿ ಬರ್ತೈತಿ. ಬಂದಾಗ ನೀನೂ ತಿರುಗಿ ಬರಬೇಕು,” ಎಂದು ಹೆಗಲ ಮೇಲೆ ಕೈ ಇಟ್ಟು ಒಳಗೆ ಕರೆದೊಯ್ದರು. ನನ್ನನ್ನು ಕರೆದೊಯ್ಯಲು ಅಪ್ಪ ಬಂದ.

ಮುಂದಿನ ವರ್ಷ ನಿಡೋಣಿಯ ಅದೇ ಅಂಗಳದಲ್ಲಿ ಮದುವೆಯಾಯಿತು. ಕಾಕಾ ಮತ್ತೆ ಕುಡಿದದ್ದನ್ನು ನಾನು ನೋಡಲಿಲ್ಲ. ವಾರಕ್ಕೊಮ್ಮೆ ವಿಜಯಪುರಕ್ಕೆ ಹೋಗಿ ಕೇಂದ್ರಕ್ಕೆ ಹೊಸದಾಗಿ ಬಂದವರ ಜೊತೆ ಕೂತು ಬರುತ್ತಿದ್ದ. ಯಾರಾದರೂ “ಕುಡಿಯೂದು ಬಿಟ್ಟು ಎಷ್ಟು ವರ್ಷಾತೋ ಸಂಗಪ್ಪಾ?” ಎಂದರೆ, “ಬಿಟ್ಟಿಲ್ಲರಿ, ಬಿಡಾಕತ್ತೇನಿ” ಎನ್ನುತ್ತಿದ್ದ. ಹಿರಿಮಗಳ ಮದುವೆಯಾದ ಮೇಲೂ ಅದೇ ಉತ್ತರ.

ಹೋದ ವರ್ಷ ಎದೆನೋವಿನಿಂದ ಅವನು ತೀರಿಕೊಂಡ. ಈಗ ತಿಕೋಟಾದ ಸುತ್ತ ಶೆಡ್ಡುಗಳು ಹೆಚ್ಚಾಗಿವೆ, ನಮ್ಮ ಮನೆಯಲ್ಲಿ ಓದಿದವರೂ ಹೆಚ್ಚಾಗಿದ್ದೇವೆ. ಬಿದ್ದದ್ದನ್ನು ಮರುದಿನವೇ ಬಂದು ಮುಖಕ್ಕೆ ಮುಖ ಕೊಟ್ಟು ಹೇಳುವವರು ಮಾತ್ರ ನಮ್ಮಲ್ಲಿ ಈಗ ಒಬ್ಬರೂ ಇಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ತೀರಿಕೊಂಡ ದಿನ ಅವನನ್ನು ಅಂಗಳದಲ್ಲಿ ಮಲಗಿಸಿದಾಗ ಕಸ್ತೂರಿ ಕಾಕಿ ಅವನ ಹಣೆ ಸವರುತ್ತ ಬಹಳ ಹೊತ್ತು ಕೂತಿದ್ದಳು. ನಾನು ಹತ್ತಿರ ಹೋದಾಗ ತಲೆ ಎತ್ತದೆ ಹೇಳಿದಳು:

“ಇವತ್ತ ಬಿಟ್ರು ನೋಡವ್ವಾ. ಪೂರಾ ಬಿಟ್ರು.”